ಹಲ್ಲು ನೋಡಿ ಮಾತಾಡುತ್ತಿದ್ದವರು

ಅಥವಾ ಆ ಮಾತನ್ನು ಅವರು ಮಸ್ಕಿಯ ಬಸ್ ನಿಲ್ದಾಣದಲ್ಲಿ ಹೇಳಲೇ ಇಲ್ಲವೇನೋ. ಸಂತೆಕಲ್ಲೂರಿನಲ್ಲಿ ಷೇರ್ ಆಟೋ ತುಂಬಲೆಂದು ಕಾಯುತ್ತ ಕೂತಾಗ ಹೇಳಿರಬಹುದು. ನಾನು ಅಲ್ಲಿದ್ದೆನೇ ಎಂಬುದೂ ಈಗ ಖಚಿತವಿಲ್ಲ. ಈ ಕಥೆಯನ್ನು ಎಷ್ಟು ಜನ ನನಗೆ ಹೇಳಿದ್ದಾರೆಂದರೆ, ಅವರ ಹೆಗಲ ಮೇಲಿನ ಟವೆಲ್ಲೂ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೆ ಹಸಿರಾಗಿ, ಒಮ್ಮೆ ಬಿಳಿಯಾಗಿ. ಬಣ್ಣ ಬದಲಿಸುವ ನೆನಪನ್ನು ನಾನು ನಂಬುವುದಿಲ್ಲ. ಮಾತು ಮಾತ್ರ ಯಾರ ಬಾಯಲ್ಲೂ ಬದಲಾಗಿಲ್ಲ. ಯಾರೋ ಎದುರಾಗಿ ಕೇಳಿದರು:

"ಏನ್ರೀ ಕಾಕಾ, ಆರಾಮ ಅದೀರೇನು?"

"ಲಿಂಗಸುಗೂರಿಗೆ ಹೊಂಟೀನಿ," ಅಂದರು ಇವರು. ಕೇಳಿದವನ ಮುಖ ನೋಡಿದರು. ಒಂದು ಉಸಿರಿನಷ್ಟು ಹೊತ್ತು ಬಿಟ್ಟರು. "ಅಲ್ಲಿ ಸಿಗತೈತೇನು ನೋಡತೀನಿ."

ಮಸ್ಕಿ, ಲಿಂಗಸುಗೂರು, ಸಿಂಧನೂರು, ನಮ್ಮ ಈ ಮೂರು ಊರುಗಳಲ್ಲಿ ಈಗಲೂ ಯಾರನ್ನಾದರೂ ಆರಾಮವೇ ಎಂದು ಕೇಳಿ ನೋಡಿ. ಹತ್ತರಲ್ಲಿ ನಾಲ್ವರು ಲಿಂಗಸುಗೂರಿಗೆ ಹೊರಟಿರುತ್ತಾರೆ. ಲಿಂಗಸುಗೂರಿನಲ್ಲೇ ಇರುವವರು ಸಿಂಧನೂರಿಗೆ ಹೊರಡುತ್ತಾರೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಓಣಿಗೊಬ್ಬರು ತಮ್ಮದೊಂದು ಕಥೆ ಹಿಡಿದು ಬರುತ್ತಾರೆ. ನನ್ನ ಹತ್ತಿರವೇ ಅನುಮಾನದ ಕಥೆಗಳು ಸಾಕಷ್ಟಿವೆ. ನಾಟಕ ಕಂಪನಿಗಳಲ್ಲಿ ಹಾಸ್ಯಪಾತ್ರ ಮಾಡುತ್ತಲೇ ಮುದುಕರಾದವರು ಎಂದರೆ ಸಾಕು. ಸಿನಿಮಾದಲ್ಲಿ ನೀವೂ ಅವರನ್ನು ನೋಡಿದ್ದೀರಿ. ನಾಯಕ ವಿಳಾಸ ಕೇಳಿದಾಗ ತಪ್ಪು ದಾರಿ ತೋರಿಸುವ ಚಹಾದಂಗಡಿಯವ, ಗೌಡನ ಹಿಂದೆ ಛತ್ರಿ ಹಿಡಿದು ತಾನೇ ನೆರಳಲ್ಲಿ ನಿಲ್ಲುವ ಆಳು, ಠಾಣೆಯಲ್ಲಿ ಕೂತಲ್ಲೇ ನಿದ್ದೆ ಹೋದ ಪೇದೆ, ಇವರೆಲ್ಲ ಅವರೇ. ಸಿನಿಮಾ ಅವರಿಗೆ ಒಗ್ಗಲಿಲ್ಲ. "ನಾಟಕದಾಗ ನಾ ಮಾತು ಒಗದರ ನಗು ಆಗಿಂದಾಗ ಬರತೈತಿ. ಸಿನಿಮಾದಾಗ ಇವತ್ತು ಮಾತಾಡಿದ್ರ ವರ್ಷ ಬಿಟ್ಟು ನಗತಾರ. ಅಷ್ಟೊತ್ತು ಬಾಯಿ ತಕ್ಕೊಂಡು ನಿಂದ್ರಾಕ ನಾ ಏನು ಮೊಸಳೀನಾ?" ಎನ್ನುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಲಿಂಗಸುಗೂರಿನ ನನ್ನ ಮುದ್ರಣದಂಗಡಿಯಲ್ಲಿ. ಮೊದಲು ಕಂಪನಿಯ ಹ್ಯಾಂಡ್‌ಬಿಲ್ ಅಚ್ಚು ಹಾಕುತ್ತಿದ್ದೆ, ಈಗ ಫ್ಲೆಕ್ಸ್. ಕಂಪನಿ ಸಿಂಧನೂರಿನಲ್ಲಿ ಠಿಕಾಣಿ ಹೂಡಿದಾಗಲೆಲ್ಲ ಮಾಲಕರ ಜತೆ ಅವರೂ ಬರುತ್ತಿದ್ದರು. ತಮ್ಮ ಮಾತು ಬಿಲ್ಲಿನಲ್ಲಿ ಎಷ್ಟು ದಪ್ಪಗೆ ಬೀಳುತ್ತದೆಂದು ನೋಡುವುದು ಅವರಿಗೆ ಬೇಕಿತ್ತು. ನಾನು ಅವರನ್ನು ಕಾಕಾ ಎಂದೆ. ಮಸ್ಕಿಯ ಗುಡ್ಡದ ಕೆಳಗಿನ ಅವರ ಮನೆಗೆ ಹೋಗಿಬರುವ ಸಲಿಗೆ ಬೆಳೆದ ಮೇಲೆ, ಒಂದು ಕಾಲಕ್ಕೆ ರಂಗದ ಮೇಲೆ ಅವರಿಗೆ ಜೋಡಿಯಾಗಿದ್ದ ಅವರ ಹೆಂಡತಿಯನ್ನು ಚಿಗವ್ವ ಎಂದೆ.

ಅವರ ಮಾತಿನಲ್ಲಿ ಜನ ಮೆಚ್ಚುತ್ತಿದ್ದುದು ಮಾತಿಗಿಂತ ಹೆಚ್ಚಾಗಿ ನಡುವಿನ ಆ ಬಿಡುವನ್ನು. 'ಕಾಕಾನ ಗ್ಯಾಪ್' ಎಂದೇ ಅದಕ್ಕೆ ಹೆಸರು. ಅರ್ಧ ಮಾತು, ಗ್ಯಾಪ್, ಇನ್ನರ್ಧ ಮಾತು. ಅದನ್ನು ಅನುಕರಿಸಲು ಹೋಗಿ ಎಷ್ಟೋ ನಟರು ಹಾಳಾದರು. ಆ ನಟರ ಗ್ಯಾಪಿನಲ್ಲಿ ಜನ ಎದ್ದು ಚಹಾಕ್ಕೆ ಹೋದರು. ತುರ್ವಿಹಾಳದ ಒಂದು ಮದುವೆಯಲ್ಲಿ ನಾನು ಅವರ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ಇದು ಖಚಿತ, ಏಕೆಂದರೆ ನನ್ನ ಅಂಗಿಯ ಮೇಲೆ ಸಾರು ಬಿದ್ದಿತ್ತು. ಬಡಿಸುವವನು ಬಕೆಟ್ ಹಿಡಿದು ಬಗ್ಗಿದ.

"ಕಾಕಾ, ಸಾರು ಹಾಕಲೇನ್ರೀ?"

"ಒಬ್ಬಾಕೇ ಮಗಳು."

ಬಡಿಸುವವನು ಸೌಟು ಎತ್ತಿ ಹಿಡಿದು ನಿಂತುಬಿಟ್ಟ. ಕಾಕಾ ಅವನ ಮುಖ ನೋಡಿದರು, ಸೌಟು ನೋಡಿದರು, ಎಲೆಯ ತುದಿಯವರೆಗೂ ಹರಿದಿದ್ದ ಸಾರನ್ನು ನೋಡಿದರು.

"ಆಕೀನೂ ಹಿಂಗ ತೆಳ್ಳಗ ಮಾಡತಾಳ."

ಸಾಲಿನವರೆಲ್ಲ ನಕ್ಕರು. ಬಡಿಸುವವನು ನಗುತ್ತ ಸೌಟು ಅಲುಗಿಸಿದ್ದಕ್ಕೇ ನನ್ನ ಅಂಗಿ ಹಾಳಾದದ್ದು.

ಇನ್ನೊಮ್ಮೆ ಲಿಂಗಸುಗೂರಿನ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಮುಖ ಕಾಣದಷ್ಟು ಹಾರ. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಮೈಕು ಹಿಡಿದು ಭಕ್ತಿಯಿಂದ ಕೇಳಿದರು, "ನಿಮ್ಮ ಕಲಾಸೇವೆ ಒಟ್ಟು ಎಷ್ಟಾತ್ರೀ ಹಿರಿಯರ?"

"ನಡಕೋತ ಹೋದ್ರ ಅರ್ಧಾ ತಾಸು."

ಮೇಷ್ಟ್ರ ಹುಬ್ಬು ಮೇಲೆ ಹೋಯಿತು. ಕಾಕಾ ಹಾರ ಸರಿಪಡಿಸಿಕೊಂಡರು.

"ಸಿನಿಮಾದಾಗಾದ್ರ ಒಂದ ಮಿನಿಟು."

ಇಂಥವನ್ನು ಬರೆಯುತ್ತ ಹೋದರೆ ಅವರು ದೊಡ್ಡ ಚತುರರು ಎಂದು ನಿಮಗೆ ಅನಿಸುತ್ತದೆ. ಚತುರರೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಚಾತುರ್ಯ ಆ ಮಾತುಗಳ ಯಾವ ಅರ್ಧದಲ್ಲಿತ್ತು ಎಂಬುದರಲ್ಲಿ ನಾವೆಲ್ಲ ಎಡವಿದ್ದೆವು.

ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇದನ್ನು ನನಗೆ ಹೇಳಿದವರು ಚಿಗವ್ವ, ಕಾಕಾ ತೀರಿಕೊಂಡ ಮೇಲೆ. ಸಿಂಧನೂರಿನಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಫ್ಲೆಕ್ಸಿನ ಮೇಲೆ ಅವರ ಫೋಟೊ, ಕೆಳಗೆ ಅವರದೊಂದು ಮಾತು ಹಾಕಬೇಕೆಂದು ಮಾಲಕರು ಹೇಳಿದ್ದರು. ಫೋಟೊಗಾಗಿ ಮಸ್ಕಿಗೆ ಹೋದವನು ಯಾವ ಮಾತು ಹಾಕಲಿ ಎಂದು ಚಿಗವ್ವನನ್ನೇ ಕೇಳಿದೆ. ನನಗೆ ನೆನಪಿದ್ದವನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದೆ. ಲಿಂಗಸುಗೂರಿನದು ಹೇಳಿದೆ. ಸಾರಿನದು ಹೇಳಿದೆ. ಅವರು ಶೇಂಗಾ ಸುಲಿಯುತ್ತ ಕೂತಿದ್ದರು. ತಲೆ ಎತ್ತದೆ ಅಂದರು:

"ಅವು ಬ್ಯಾಡ. ಅವು ಕಿವೀವು."

"ಅಂದ್ರ?"

"ಬಾಯೀಲೆ ಬಂದದ್ದು ಬ್ಯಾರೆ, ಕಿವೀಲೆ ಬಂದದ್ದು ಬ್ಯಾರೆ. ಎಲ್ಲಿಗಿ ಹೊಂಟೀರಿ ಅಂತ ಕೇಳ್ಯಾರ ಅಂತ ತಿಳಕೊಂಡು ಲಿಂಗಸುಗೂರು ಅಂದಾನ. ಎದುರಿನೋನ ಮಾರಿ ನೋಡಿದ ಕೂಡ್ಲೇ ತಪ್ಪೇತಿ ಅಂತ ಗೊತ್ತಾಗೇತಿ. ಹಿಂದಿಂದ ಬಾಲ ಹಚ್ಯಾನ."

"ಸಾರಿಂದು?"

"ಮಕ್ಕಳು ಎಷ್ಟು ಮಂದಿ ಅಂತ ಕೇಳ್ಯಾರ ಅಂತ ತಿಳದಾನ. ಮದವ್ಯಾಗ ಎಲ್ಲಾರೂ ಅದನ್ನ ಕೇಳತಾರಲ್ಲ."

"ಮೇಷ್ಟ್ರು ಕೇಳಿದ್ದು?"

"ಬಸ್ ಸ್ಟ್ಯಾಂಡಿನಿಂದ ಮನಿ ಎಷ್ಟು ದೂರ ಅಂತ ಕೇಳ್ಯಾರ ಅಂತ ತಿಳದಿದ್ದ. ಮಸ್ಕಿಗೆ ಬಂದು ಹೇಳಿದ, ಇವತ್ತು ಸಾಯತಿದ್ನಿ, ಸಿನಿಮಾ ಉಳಸ್ತು ಅಂತ."

ನಾವು ಗ್ಯಾಪ್ ಎಂದು ಕರೆದು ಚಪ್ಪಾಳೆ ತಟ್ಟಿದ ಆ ಉಸಿರು, ಒಬ್ಬ ಮನುಷ್ಯ ತಾನು ಜಾರಿದ್ದೇನೆಂದು ತಿಳಿದು ಬೀಳುವ ಮೊದಲು ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುವ ಹೊತ್ತಾಗಿತ್ತು. ಪ್ರತಿಸಲವೂ ಏನೋ ಒಂದು ಸಿಕ್ಕಿತ್ತು. ಇದರಿಂದ ಅವರ ಮೇಲಿನ ನನ್ನ ಗೌರವ ಕಡಿಮೆಯಾಗಲಿಲ್ಲ. ಸಿದ್ಧವಾಗಿ ಕೂತು ಹಾಸ್ಯ ಮಾಡುವವರು ಬೇಕಾದಷ್ಟಿದ್ದಾರೆ. ಬೀಳುತ್ತಿರುವಾಗ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಕಡೆ ಎಲ್ಲರೂ ಕೂಗಿಯೇ ಮಾತಾಡುತ್ತೇವೆ. ಕಿವುಡನೊಬ್ಬ ಇಲ್ಲಿ ಬಹಳ ಕಾಲ ಅಡಗಿ ಬದುಕಬಹುದು. ಕಿವಿ ಒಮ್ಮೆಲೇ ಹೋದದ್ದೂ ಅಲ್ಲ, ಸಂಜೆಯ ಬೆಳಕಿನಂತೆ ಹೋಯಿತು. ಎದುರಿನವರ ತುಟಿ ಓದುವುದನ್ನು ಅವರು ಅಷ್ಟರಲ್ಲಿ ಕಲಿತಿದ್ದರು. ಎದುರಿನವರು ಮೀಸೆ ಬಿಟ್ಟವರೋ ಎಲೆ ಅಡಿಕೆ ಮೆಲ್ಲುವವರೋ ಆದಾಗ ಮಾತ್ರ ಎಡವಟ್ಟಾಗುತ್ತಿತ್ತು. ಫೋನು ಎತ್ತುತ್ತಿರಲಿಲ್ಲ. "ಫೋನಿನ್ಯಾಗ ನನ್ನ ಮಾರಿ ಕಾಣಂಗಿಲ್ಲ. ಬರೇ ಮಾತು ಪುಕ್ಕಟ ಯಾಕ ಕೊಡ್ಲಿ?" ಅನ್ನುತ್ತಿದ್ದರು. ಅದನ್ನೂ ನಾವು ಹಾಸ್ಯದ ಲೆಕ್ಕಕ್ಕೆ ಸೇರಿಸಿದ್ದೆವು.

"ಮಷೀನ್ ಹಾಕಿಸಿಕೋ ಅಂತ ನಾ ಎಷ್ಟು ಬಡಕೊಂಡ್ನಿ," ಅಂದರು ಚಿಗವ್ವ. "ಕಿವ್ಯಾಗ ಮಷೀನ್ ಇಟ್ಟವನ್ನ ಕಂಡ್ರ ಜನ ಮೊದಲ ನಗತಾರ, ನಕ್ಕಾದ ಮ್ಯಾಲೆ ನನಗೇನು ಕೆಲಸ ಐತಿ ಅಂದ. ಆ ಮಾತು ಹಾಕು ಬೇಕಾದ್ರ. ಅದು ಬಾಯೀದು."

ನಗುವನ್ನು ಕಿವಿಯಿಂದ ತೂಗಿದ ಮನುಷ್ಯ ಅವರು. ಯಾವಾಗಲೋ, ಕಿವಿ ಚೆನ್ನಾಗಿದ್ದ ಕಾಲದಲ್ಲಿ, ಪಾಠ ಹೇಳಿದಂತೆ ನನಗೆ ಹೇಳಿದ್ದರು. ಸಂತೆಕಲ್ಲೂರಿನ ಕಡೆ ಜೋಳ ಉಣ್ಣುವವರ ನಗು ಒಣಗಿದ ಕಟಿ ರೊಟ್ಟಿ ಮುರಿದಂತೆ, ಒಮ್ಮೆಲೇ ಟಪ್ ಎಂದು ಮುಗಿಯುತ್ತದೆ. ಕಾಲುವೆ ಕೆಳಗಿನ ತುರ್ವಿಹಾಳ, ಜವಳಗೇರಾದವರದು ಅನ್ನ ಕುದಿದ ಹಾಗೆ, ಮೊದಲು ಕೊತಕೊತ, ಆಮೇಲೆ ಉಕ್ಕುತ್ತದೆ. "ಕ್ಯಾಂಪಿನ ತೆಲುಗು ಮಂದಿ ಒಂದು ಉಸರು ತಡಾ ನಗತಾರ. ಮಾತು ಆಂಧ್ರಾಕ್ಕ ಹೋಗಿ ಬರಬೇಕಲ್ಲೋ, ರಸ್ತಾ ಸುಮಾರೈತಿ." ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ನೆಲೆಸಿದ ಆ ಕ್ಯಾಂಪುಗಳವರೂ ಸೇರುವುದರಿಂದ ಸಿಂಧನೂರಿನಲ್ಲಿ ಎರಡು ನಗು. ಮೊದಲನೆಯದು ಇಳಿಯುವಷ್ಟರಲ್ಲಿ ಎರಡನೆಯದು ಏಳುತ್ತದೆ. ಆ ಎರಡನೆಯದು ಅರ್ಧಕ್ಕೆ ಇಳಿದಾಗ ಮುಂದಿನ ಮಾತು ಒಗೆಯಬೇಕು. ಬೇಗ ಒಗೆದರೆ ನಗುವಿನಲ್ಲಿ ಮಾತು ಮುಳುಗುತ್ತದೆ, ತಡವಾದರೆ ನಗು ಆರುತ್ತದೆ. ಇಷ್ಟೇ ಅವರ ಕಸುಬು. ಉಳಿದದ್ದೆಲ್ಲ ಬಣ್ಣ ಬಳಿಯುವುದು ಎನ್ನುತ್ತಿದ್ದರು.

ಕಿವಿ ಹೋದ ಮೇಲೆ ಈ ಕಸುಬನ್ನು ಕಣ್ಣಿಗೆ ಕಲಿಸಿದರು. ಕಂಪನಿಯ ತಗಡಿನ ಶೆಡ್ಡಿನಲ್ಲಿ ಆಟ ನಡೆಯುವಾಗ ಮುಂದಿನ ಸಾಲುಗಳ ಮೇಲೆ ಒಂದು ಬಲ್ಬು ಉರಿಯಲೇಬೇಕೆಂದು ಹಟ ಹಿಡಿದರು. ಮಾಲಕರು ಗೊಣಗಿದರು. "ಹೆಣ್ಣುಮಕ್ಕಳು ಕುಂತಿರತಾರ್ರಿ, ಬಯಲು ಜಾಗಾ, ಹುಳಾ ಹುಪ್ಪಡಿ ಬಂದ್ರ ಕಾಣಬೇಕು," ಎಂದು ಕಾಕಾ ಕಾರಣ ಕೊಟ್ಟರು. ನಿಜವಾದ ಕಾರಣ ಬೇರೆ, ಆ ಬೆಳಕಿನಲ್ಲಿ ಜನರ ಹಲ್ಲು ಕಾಣುತ್ತಿದ್ದವು. ಹಲ್ಲು ಕಂಡರೆ ನಗು ಎದ್ದಿದೆ. ತುಟಿ ಮುಚ್ಚತೊಡಗಿದರೆ ಅರ್ಧಕ್ಕೆ ಇಳಿದಿದೆ. ಆಗ ಮಾತು. ನಾನು ಇದನ್ನು ಆಗಲೇ ಗಮನಿಸಿದ್ದೆ ಎಂದು ಈಗ ನನಗೆ ಬಲವಾಗಿ ಅನಿಸುತ್ತದೆ. ಮಾತು ಮುಗಿಸಿ ಅವರು ಮುಂದಿನ ಸಾಲಿನತ್ತ ಹಲ್ಲಿನ ಡಾಕ್ಟರರಂತೆ ಬಗ್ಗಿ ನೋಡುತ್ತಿದ್ದುದು ಕಣ್ಣಿಗೆ ಕಟ್ಟಿದೆ. ಆದರೆ ಚಿಗವ್ವ ಹೇಳಿದ ಮೇಲೆ ಕಟ್ಟಿಕೊಂಡ ಚಿತ್ರ ಅದು. ಅದಕ್ಕೆ ಸಾಕ್ಷಿಯ ಬೆಲೆ ಇಲ್ಲ.

ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತಿತ್ತು. ಕೊನೆಯ ಸಲ ಸಿಂಧನೂರಿಗೆ ಬಂದಾಗ ಕೆಟ್ಟಿತು. ಭತ್ತ ಕೊಯ್ದು ಜನ ಬಿಡುವಾಗಿದ್ದ ಕಾಲ. ಕ್ಯಾಂಪಿನವರು ಟ್ರ್ಯಾಕ್ಟರ್ ಹತ್ತಿ ತಡವಾಗಿ ಬರುತ್ತಿದ್ದರು, ತಡವಾಗಿ ಬಂದದ್ದಕ್ಕೆ ಹಿಂದೆ ಕೂರುತ್ತಿದ್ದರು. ಅಲ್ಲಿ ಬಲ್ಬಿನ ಬೆಳಕು ಮುಟ್ಟುತ್ತಿರಲಿಲ್ಲ. ಮುಂದಿನವರ ಹಲ್ಲು ಮುಚ್ಚಿದ್ದನ್ನು ನೋಡಿ ಕಾಕಾ ಮಾತು ಒಗೆಯುವುದಕ್ಕೂ ಹಿಂದಿನವರ ನಗು ಏಳುವುದಕ್ಕೂ ಸರಿಹೋಗುತ್ತಿತ್ತು. ದಿನವೂ ಮಾತು ಮುಳುಗತೊಡಗಿತು.

ಹೊಸ ನಾಟಕದ ಫ್ಲೆಕ್ಸಿಗೆಂದು ಮಾಲಕರು ನನ್ನ ಅಂಗಡಿಗೆ ಬಂದದ್ದು ಆ ವಾರವೇ. ಕಾಕಾ ಜತೆಗಿದ್ದರು. ಮಾಲಕರೂ ನಟರೇ, ರಂಗದ ಮೇಲೆ ಜಿಪುಣ ಮಾವನ ಪಾತ್ರ ಅವರದು, ಅವರನ್ನು ಗೋಳಾಡಿಸುವ ಅಳಿಯನ ಪಾತ್ರ ಕಾಕಾನದು. ಅರವತ್ತು ದಾಟಿದ ಅಳಿಯ, ಐವತ್ತು ದಾಟದ ಮಾವ. ಅದೇ ಒಂದು ನಗು.

"ಹೊಸಾ ನಾಟಕದಾಗ ಕಾಕಾಂದು ಕಿವುಡ ಅಜ್ಜನ ಪಾರ್ಟ್," ಎಂದು ಮಾಲಕರು ನನಗೆ ವಿವರಿಸಿದರು. "ಮಗಾ ಬಾಡಿಗಿ ಕೊಡಬೇಕು ಅಂತಾನ, ಅಜ್ಜ ಬಡಿಗಿ ತಂದು ಕೊಡತಾನ. ಸೊಸಿ ಹಾಲು ಉಕ್ಕತು ಅಂತಾಳ, ಅಜ್ಜ ಹಲ್ಲು ಮುಕ್ಕಾತು ಅಂತ ಬಾಯಿ ತಗದು ತೋರಸತಾನ. ಶೆಡ್ಡು ಹಾರಿ ಹೋಗಬೇಕು!"

ಕಾಕಾ ಅವರ ತುಟಿಯನ್ನೇ ನೋಡುತ್ತಿದ್ದರು. "ಆ ಪಾರ್ಟ್ ನನಗ ಬ್ಯಾಡ್ರಿ."

"ಯಾಕ?"

"ಅದರಾಗ ಆ್ಯಕ್ಟಿಂಗ್ ಇಲ್ಲ."

ನಾನು ನಕ್ಕೆ. ಮಾಲಕರು ನಗಲಿಲ್ಲ. ಕಂಪನಿಯಲ್ಲಿ ಕಿವುಡನ ಪಾತ್ರ ಎಂದರೆ ಹಾಸ್ಯನಟನಿಗೆ ಕಟ್ಟಿಟ್ಟ ಬುತ್ತಿ. ಅದನ್ನು ಬೇಡ ಎಂದವರನ್ನು ಅವರು ಕಂಡಿರಲಿಲ್ಲ.

"ನೋಡ್ರಿ ಕಾಕಾ, ಬಿಚ್ಚಿ ಹೇಳತೀನಿ. ಈಗೀಗ ನೀವು ಕಾಯೋದು ಬಿಟ್ಟೀರಿ. ಹಿಂದಿನ ಮಂದಿ ನಗಾಕತ್ತಾರ, ನೀವು ಆಗಲೇ ಮುಂದಿನ ಮಾತಿನ್ಯಾಗ ಅದೀರಿ. ಅವಸರ ಏನೈತಿ ನಿಮಗ? ಅಳಿಯನ ಪಾರ್ಟಿಗೆ ಒಬ್ಬ ತರುಣನ್ನ ನೋಡೀನಿ. ಫೋನಿನ್ಯಾಗ ವಿಡಿಯೊ ಬಿಟ್ಟು ಹೆಸರಾಗ್ಯಾನ."

"ಹಿಂದಿನ ಸಾಲಿಗೂ ಒಂದು ಬಲ್ಬ್ ಹಾಕಿಸ್ರಿ," ಅಂದರು ಕಾಕಾ.

"ಬಲ್ಬಿಗೂ ಅದಕ್ಕೂ ಏನ್ರೀ ಸಂಬಂಧ?"

"ಅವರು ದಿನಾ ನನ್ನ ನೋಡಾಕತ್ತಾರ. ನಾ ಒಂದಿನ ಅವರನ್ನ ನೋಡಬ್ಯಾಡೇನು?"

"ಮಾತು ಹಾರಸಬ್ಯಾಡ್ರಿ. ರವಿವಾರ ಸಂಜಿ ಆಟ ಐತಿ. ಶೆಡ್ಡು ಮೊದಲಿನಂಗ ಎದ್ದು ಕುಂತ್ರ ಅಳಿಯನ ಪಾರ್ಟ್ ನಿಮ್ಮದು. ಇಲ್ಲಾಂದ್ರ ಸೋಮವಾರದಿಂದ ಅಂವ ಅಳಿಯ, ನೀವು ಕಿವುಡ ಅಜ್ಜ."

ಕಾಕಾ ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ ಎಂದು ಬರೆಯಬೇಕೆನಿಸುತ್ತದೆ. ನಿಜ ಇರಲಾರದು. ಚಹಾ ಕುಡಿಯುವಾಗಲೂ ಸುಮ್ಮನಿರುತ್ತಿದ್ದರು.

ಕಿವುಡನೊಬ್ಬನಿಗೆ ಕಿವುಡನ ವೇಷ ತೊಡಿಸಿ ದಿನವೂ ಸಾವಿರ ಜನ ನಗುವುದು, ಆ ನಗು ಅವನಿಗೊಬ್ಬನಿಗೇ ಕೇಳದಿರುವುದು. ಅವರು ತಪ್ಪಿಸಿಕೊಳ್ಳಲು ನೋಡುತ್ತಿದ್ದುದು ಇದರಿಂದ. ಆಗ ನನಗದು ಗೊತ್ತಿರಲಿಲ್ಲ. ರವಿವಾರ ಕುತೂಹಲಕ್ಕೆಂದು ಬಸ್ ಹತ್ತಿ ಸಿಂಧನೂರಿಗೆ ಹೋದೆ. ಎರಡನೇ ಸಾಲಿನಲ್ಲಿ ಜಾಗ ಸಿಕ್ಕಿತು.

ಶೆಡ್ಡು ತುಂಬಿತ್ತು. ಅಳಿಯ-ಮಾವನ ದೃಶ್ಯಕ್ಕೆ ಬರುವಷ್ಟರಲ್ಲಿ ಕ್ಯಾಂಪಿನವರೂ ಬಂದು ಹಿಂದೆ ಕೂತಿದ್ದರು. ಮಾಲಕರು ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮಾವನಾಗಿ ನಿಂತು ಅಳಿಯನಿಗೆ ಉದ್ದನೆಯ ಉಪದೇಶ ಮಾಡಿದರು. ಕಾಕಾ ಕೈಕಟ್ಟಿ ಕೇಳಿದರು. ಕೇಳಿದಂತೆ ನಟಿಸಿದರು ಎಂದು ಈಗ ತಿದ್ದುತ್ತೇನೆ. ಉಪದೇಶ ಮುಗಿಯಿತು. ಅಷ್ಟರಲ್ಲಿ ನಮ್ಮ ತಲೆಯ ಮೇಲಿದ್ದ ಬಲ್ಬು ಚಿಟ್ ಎಂದು ಆರಿಹೋಯಿತು. ರಂಗದ ಮೇಲಿನ ದೀಪಗಳೆಲ್ಲ ಇದ್ದವು, ನಾವು ಮಾತ್ರ ಕತ್ತಲಲ್ಲಿ.

ಕಾಕಾ ಮಾತು ಬಿಡಲಿಲ್ಲ. "ಮಗಳನ್ನ ಕೊಡ್ರಿ ಅಂದ್ರ ಬುದ್ಧಿ ಕೊಡಾಕತ್ತೀರಲ್ರೀ ಮಾವಾ, ನಾ ಕೇಳಿದ್ದು ನಿಮ್ಮ ಮನಿಯಾಗ ಇರೋದನ್ನ!"

ನಗು ಬಿತ್ತು. ಚೆನ್ನಾಗಿಯೇ ಬಿತ್ತು. ಮೊದಲು ನಾವು ನಕ್ಕೆವು, ನಮ್ಮದು ಇಳಿಯುವಾಗ ಹಿಂದಿನವರು ನಕ್ಕರು, ಅದೂ ಇಳಿಯಿತು. ಮುಂದಿನ ಮಾತು ಬರಬೇಕಿತ್ತು, ಬರಲಿಲ್ಲ. ಕಾಕಾ ನಿಂತೇ ಇದ್ದರು. ಅವರ ಕಣ್ಣು ನಮ್ಮ ಸಾಲನ್ನು ಹುಡುಕುತ್ತಿತ್ತು. ನಗು ಪೂರ್ತಿ ಆರಿತು. ಯಾರೋ ಕೆಮ್ಮಿದರು. ಹಿಂದೆ ಒಂದು ಕೂಸು ಅತ್ತಿತು. ಪೇಟಿ ಮಾಸ್ತರರು ಹಾರ್ಮೋನಿಯಂ ಮೇಲಿನ ಕೈ ಎತ್ತಿ ರಂಗದ ಕಡೆ ನೋಡಿದರು. ಮಾಲಕರ ಮುಖದ ಮೇಲೆ ಮಾವನ ಸಿಟ್ಟು ಹೋಗಿ ಮಾಲಕರ ಸಿಟ್ಟು ಬಂದಿತು. ಇನ್ನೊಂದು ಉಸಿರು ಹೀಗೇ ಕಳೆದಿದ್ದರೆ ಅಳಿಯನ ಪಾತ್ರ ಅಲ್ಲಿಗೆ ಮುಗಿದಿತ್ತು.

ಕಾಕಾ ರಂಗದ ಅಂಚಿಗೆ ಬಂದರು. ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು, ಹೊಲದ ಬದುವಿನ ಮೇಲೆ ನಿಂತು ದೂರದವರನ್ನು ಕರೆಯುವ ಹಾಗೆ ಕತ್ತಲೊಳಗೆ ಬಗ್ಗಿದರು.

"ನಕ್ರೇನ್ರೀ?"

ನಾನು ಕಂಪನಿ ನಾಟಕಗಳನ್ನು ಬಹಳ ನೋಡಿದ್ದೇನೆ. ಅಂಥ ನಗು ಕೇಳಿಲ್ಲ. ಜೋಳದವರು, ಅಕ್ಕಿಯವರು, ತೆಲುಗಿನವರು ಎಂಬ ಭೇದವೇ ಉಳಿಯಲಿಲ್ಲ, ಎಲ್ಲರದೂ ಒಮ್ಮೆಗೇ ಸಿಡಿಯಿತು. ತಗಡು ಅದುರಿತು. ನನ್ನ ಪಕ್ಕದ ಹೆಂಗಸು ತನ್ನ ಪಕ್ಕದವಳ ಬೆನ್ನಿಗೆ ಗುದ್ದಿದಳು. "ನಕ್ಕೇವ್ರೀ!" ಎಂದು ಯಾರೋ ಹಿಂದಿನಿಂದ ಕೂಗಿದರು. ಕಾಕಾ ಅಂಗೈ ಇಳಿಸಲಿಲ್ಲ, ಹಾಗೇ ಬಗ್ಗಿ ನೋಡುತ್ತಿದ್ದರು. ಅದು ನಗುವನ್ನು ಇನ್ನಷ್ಟು ಎಬ್ಬಿಸಿತು. ಕೊನೆಗೆ ತಿರುಗಿ ಮಾಲಕರ ಕಡೆ ನೋಡಿದರು. ಮಾಲಕರು ನಗು ತಡೆಯಲಾರದೆ ಪ್ರೇಕ್ಷಕರಿಗೆ ಬೆನ್ನು ಹಾಕಿದ್ದರು. ದಿಂಬಿನ ಹೊಟ್ಟೆ ಕುಣಿಯುತ್ತಿತ್ತು. ಕಾಕಾ ಆ ಹೊಟ್ಟೆಯನ್ನು ನೋಡಿದರು. ಅದು ಕುಣಿದು ಕುಣಿದು ನಿಲ್ಲತೊಡಗಿದಾಗ, ಸರಿಯಾಗಿ ಅರ್ಧಕ್ಕೆ ಬಂದಾಗ, ಮುಂದಿನ ಮಾತು ಒಗೆದರು.

ಅಳಿಯನ ಪಾತ್ರ ಉಳಿಯಿತು. ಸೋಮವಾರ ಮಾಲಕರು ಕಿವುಡ ಅಜ್ಜನ ಫ್ಲೆಕ್ಸ್ ಬೇಡವೆಂದು ಫೋನು ಮಾಡಿದರು. "ಮುದುಕನ ಗ್ಯಾಪ್ ನೋಡಿದಿರೇನು? ಜೀವಾ ಬಾಯಿಗೆ ಬಂದಿತ್ತು. ಬಲ್ಬ್ ಹೋದದ್ದನ್ನ ಹಿಡಕೊಂಡು ಹ್ಯಾಂಗ ಆಟ ಆಡಿದ!" ಅಷ್ಟಕ್ಕೇ ಬಿಡಲಿಲ್ಲ. ಬಲ್ಬು ಆರಿದ್ದರಿಂದಲೇ ಆ ಹಾಸ್ಯ ಹುಟ್ಟಿತಲ್ಲ, ಅದಕ್ಕೆ ದಿನವೂ ಅದೇ ಜಾಗಕ್ಕೆ ಬಲ್ಬು ಆರಿಸಬೇಕೆಂದು ಲೈಟಿನವನಿಗೆ ತಾಕೀತು ಮಾಡಿದರು. ಕಾಕಾ ಒಪ್ಪಿಕೊಂಡರು. ಒಪ್ಪದೆ ಏನು ಕಾರಣ ಹೇಳಬಹುದಿತ್ತು? ಆ ಹಂಗಾಮು ಮುಗಿಯುವವರೆಗೂ ದಿನವೂ ಕತ್ತಲಾಯಿತು, ದಿನವೂ ಅವರು ಬಗ್ಗಿ "ನಕ್ರೇನ್ರೀ?" ಅಂದರು, ದಿನವೂ ತಗಡು ಅದುರಿತು.

ಆ ರವಿವಾರದ ಮರುದಿನದಿಂದಲೇ ಅವರು ರಂಗದ ಮೇಲೆ ಬರಿಗಾಲಲ್ಲಿ ಬರತೊಡಗಿದರು. ಅಳಿಯನ ವೇಷಕ್ಕೆ ಬೂಟು ಬೇಕೆಂದು ಮಾಲಕರು ಜಗಳ ತೆಗೆದರೂ ಕೇಳಲಿಲ್ಲ. ರಂಗಭೂಮಿಯ ಮೇಲಿನ ಭಕ್ತಿಯಿಂದ ಈ ಹಿರಿಯ ಜೀವ ಚಪ್ಪಲಿ ಮೆಟ್ಟುವುದಿಲ್ಲ ಎಂದು ಯಾರೋ ಪೇಪರಿನಲ್ಲಿ ಬರೆದರು. ಚಿಗವ್ವ ಅದನ್ನು ನೆನೆಸಿಕೊಂಡು ನಕ್ಕರು. "ಭಕ್ತಿ ಇಲ್ಲ, ಸುಡಗಾಡಿಲ್ಲ. ಮಂದಿ ನಕ್ಕು ನೆಲಾ ಒದ್ದರ ಹಲಗಿ ನಡಗತಾವ. ಅಂಗಾಲಿಗೆ ಗೊತ್ತಾಗತೈತಿ ಅಂತಿದ್ದ." ಕಿವಿಯ ಕೆಲಸ ಕಣ್ಣಿಗೆ, ಕಣ್ಣಿನದು ಅಂಗಾಲಿಗೆ. ಇನ್ನೂ ಬದುಕಿದ್ದರೆ ಮೊಣಕೈಗೂ ಏನಾದರೂ ಕಲಿಸುತ್ತಿದ್ದರೋ ಏನೋ. ಹಂಗಾಮು ಮುಗಿಸಿ ಮಸ್ಕಿಗೆ ಬಂದ ಮೇಲೆ ಎದೆ ಹಿಡಿದುಕೊಂಡು ಹೋದರು. ಹೋಗುವವರೆಗೂ ಅಳಿಯನೇ.

ಇಷ್ಟೆಲ್ಲ ಮಾತಾದ ಮೇಲೆ ನಾನು ಫ್ಲೆಕ್ಸಿನ ವಿಷಯಕ್ಕೆ ಬಂದೆ. ಮಾಲಕರಿಗೆ ಬೇಕಾದದ್ದು ಆ ಒಂದು ಮಾತೇ. 'ನಕ್ರೇನ್ರೀ' ಎಂದು ದೊಡ್ಡದಾಗಿ ಹಾಕು, ಮುಂದೆ ಆಶ್ಚರ್ಯಸೂಚಕ ಹಾಕು, ಅದರ ಮುಂದೆ ಕಣ್ಣಲ್ಲಿ ನೀರು ಬರುವಂತೆ ನಗುವ ಎರಡು ಮುಖ ಹಾಕು ಎಂದು ಫೋನಿಗೆ ಕಳಿಸಿದ್ದರು. ಕಾಕಾನ ಜೀವಮಾನದ ಹಾಸ್ಯ ಅದು ಎನ್ನುವುದರಲ್ಲಿ ಮಾಲಕರಿಗೆ ಅನುಮಾನವಿಲ್ಲ. ನನಗೆ ಚಿಗವ್ವನ ಮುಂದೆ ಕೂತ ಹೊತ್ತಿನಲ್ಲಿ ಅನುಮಾನ ಹತ್ತಿತ್ತು. ಆ ಕತ್ತಲಲ್ಲಿ ಹಲ್ಲು ಕಾಣದ ಮನುಷ್ಯ, ನಾವು ನಕ್ಕೆವೋ ಇಲ್ಲವೋ ತಿಳಿಯದೆ, ಬೇರೆ ದಾರಿಯಿಲ್ಲದೆ ನಮ್ಮನ್ನೇ ಕೇಳಿದ್ದರೆ? ಸಾವಿರ ಜನರನ್ನು ಒಬ್ಬರು ನಿಜವಾಗಿ ಒಂದು ಪ್ರಶ್ನೆ ಕೇಳಿದ್ದಕ್ಕೆ ನಾವು ಉತ್ತರ ಕೊಡದೆ ಹೊಟ್ಟೆ ಹಿಡಿದುಕೊಂಡೆವೇ? ಅಥವಾ ಎಂದಿನಂತೆ ಬೀಳುತ್ತ ಬೀಳುತ್ತಲೇ ಅವರು ಹಿಡಿದದ್ದು ಅದನ್ನೇ, ಪ್ರಶ್ನೆಯನ್ನೇ?

"ಚಿಗವ್ವ, ಇದು ಬಾಯೀದೋ, ಕಿವೀದೋ?"

ಅವರ ಕೈ ಶೇಂಗಾದ ಮೇಲೆ ನಿಂತಿತು. ಅಲ್ಲಿಯವರೆಗೆ ಎಲ್ಲವನ್ನೂ ಕ್ಷಣದಲ್ಲಿ ವಿಂಗಡಿಸಿ ಕೊಟ್ಟವರು.

"ಇದೊಂದು ನನಗ ತಿಳಿದಿಲ್ಲಪಾ," ಅಂದರು. "ಆವತ್ತು ಮನಿಗೆ ಬಂದ. ಅದಕ್ಕಿಂತ ಮೊದಲ ಸಿಂಧನೂರಾಗಿನ ಮಂದಿ ನನಗ ಫೋನ್ ಮಾಡಿ ಹಿಂಗ ಹಿಂಗಾತು ಅಂತ ಹೇಳಿದ್ರು. ಕಾಲು ತೊಳಕೊಳ್ಳಾಕ ನೀರು ಕೊಟ್ನಿ. ಮಂದಿ ನಕ್ಕ ಸಪ್ಪಳ ಕೇಳಿಸ್ತೇನು ನಿನಗ, ಅಂತ ಕೇಳಿದ್ನಿ."

"ಏನಂದ್ರು?"

"ಬಸ್ ಖಾಲಿ ಇತ್ತು, ಆರಾಮ ಮಲಕ್ಕೊಂಡು ಬಂದ್ನಿ ಅಂದ."

ನಾನು ಕಾದೆ. ಬಾಲ ಬರಬಹುದೆಂದುಕೊಂಡೆ. ಬರಲಿಲ್ಲ, ಅವತ್ತು ಕಾಕಾ ಕೂಡ ಹಚ್ಚಿರಲಿಲ್ಲವಂತೆ. ಚಿಗವ್ವ ಏನಾದರೂ ಕೇಳಬೇಕಾದರೆ ಯಾವಾಗಲೂ ಅವರ ಮುಖದೆದುರು ನಿಂತು, ತುಟಿ ಕಾಣುವಂತೆ ಕೇಳುತ್ತಿದ್ದರು. ಅದಕ್ಕೆ ಮನೆಯಲ್ಲಿ ಅವರಿಬ್ಬರ ನಡುವೆ ತಪ್ಪು ಉತ್ತರ ಬಂದದ್ದೇ ಇಲ್ಲ.

"ಹಂಗಾದ್ರ ಅವರಿಗೆ ನೀವು ಕೇಳಿದ್ದು ತಿಳಿದಿತ್ತು. ಬೇಕಂತಲೇ ಮಾತು ಹಾರಿಸ್ಯಾರ."

"ತಿಳಿದಿತ್ತೋ ಇಲ್ಲೋ. ಕೆಳಗ ಬಗ್ಗಿ ಕಾಲು ತೊಳಕೊಳ್ಳಾಕತ್ತಿದ್ದ. ನಾ ಅಂವನ ಮಾರಿ ನೋಡಿ ಕೇಳಿದ್ನೋ, ಬೆನ್ನು ನೋಡಿ ಕೇಳಿದ್ನೋ..." ಅವರು ಹಿತ್ತಲ ಬಾಗಿಲಿನತ್ತ, ಕಾಲು ತೊಳೆಯುವ ಕಲ್ಲಿನತ್ತ ನೋಡಿದರು. "ಎಷ್ಟು ಸಲ ನೆನಸಿಕೊಂಡು ನೋಡೀನಿ. ಒಮ್ಮೆ ಮಾರಿ ಕಾಣತೈತಿ, ಒಮ್ಮೆ ಬೆನ್ನು ಕಾಣತೈತಿ."

ಫೋಟೊ ತೆಗೆದುಕೊಂಡು ಲಿಂಗಸುಗೂರಿಗೆ ಬಂದೆ. ಮಾಲಕರ ನಗುವ ಮುಖಗಳನ್ನು ಬಿಟ್ಟು, 'ನಕ್ರೇನ್ರೀ' ಮುಂದೆ ವ್ಯಾಕರಣದ ಪ್ರಕಾರ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಚ್ಚು ಹಾಕಿದೆ. ಚಿಹ್ನೆಯಿಂದ ಏನೂ ಸಾಬೀತಾಗುವುದಿಲ್ಲ. ಆ ಸಂಜೆ ಅವರು ನಮ್ಮನ್ನು ನಗಿಸಿದರೋ ಕೇಳಿದರೋ, ನನಗೆ ಗೊತ್ತಿಲ್ಲ.